ಸೋತ ಇಲಿಗಳ ಪಕ್ಷ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಇಲಿಯಕ್ಕ ಎಂದೇ ಕರೆಯುತ್ತಿದ್ದರು. ನಲವತ್ತು ಪಂಜರ, ಪಂಜರಕ್ಕೊಂದು ಬಿಳಿ ಇಲಿ. ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತೊಳೆಯುವುದು, ತಿನ್ನಲು ಹಾಕುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಅಂಥವಳು ಮಾಡಿದ ಕೆಲಸ ನೋಡಿ!

ಅವಳ ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಜೀವವೇನೋ ಉಳಿಯಿತು, ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿತು, ಮಾತು ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಒಂದಕ್ಕೂ ಉತ್ತರ ಕೊಡಲಾಗುವುದಿಲ್ಲ. ಇಂಥ ಶಿಕ್ಷೆ ಶತ್ರುವಿಗೂ ಬೇಡ. ದಿನಾ ಸಂಜೆ ಅವಳು ಆ ಕೈ ನೀವಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ಕೈಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಳ್ಳುತ್ತವೆ.

ಹಾಗಿರುವಾಗ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಒಂದು ಜೆಲ್ ಮಾಡಿದರು. ಮುಕ್ಕಾಲು ಪಾಲು ನೀರೇ. ನೋಡಿದರೆ ಆರಿದ ಗಂಜಿಯ ಕೆನೆ. ಪೆಟ್ಟಾದ ಮಿದುಳಿನಲ್ಲಿ ಉಳಿಯುವ ಗುಂಡಿಗೆ ಅದನ್ನು ತುಂಬಿದರೆ, ಚಪ್ಪರಕ್ಕೆ ಬಳ್ಳಿ ಹಬ್ಬುವ ಹಾಗೆ ಅದರ ಮೇಲೆ ಹೊಸ ಜೀವಕೋಶಗಳು ಹಬ್ಬುತ್ತವಂತೆ.

"ಇದೇ ಕೊನೇ ಪರೀಕ್ಷೆ," ಎಂದರು ಮೇಡಂ. "ಇಲಿಗಳಲ್ಲಿ ಗೆದ್ರೆ ಇನ್ನು ಆರು ತಿಂಗಳಲ್ಲಿ ಮನುಷ್ಯರಿಗೆ. ಪೆಟ್ಟಾಗಿ ಮೂರು ವರ್ಷದೊಳಗಿರೋರನ್ನ ಮಾತ್ರ ತಗೋತೀವಿ. ನಿಮ್ಮ ಯಜಮಾನರು ಆ ಲೆಕ್ಕದಲ್ಲಿ ಬರ್ತಾರೆ."

ಅವಳು ಮನೆಗೆ ಓಡಿಬಂದು ಗಂಡನಿಗೆ ಹೇಳಿದಳು. ಮಾರನೆಯ ದಿನ ಅವನು ಎಡಗೈಯಲ್ಲೇ ಗಡ್ಡ ಕೆರೆದುಕೊಂಡು, ಮೂರು ಕಡೆ ಕೊಯ್ದುಕೊಂಡು, ಮದುಮಗನ ಹಾಗೆ ಕೂತಿದ್ದ.

ನಲವತ್ತು ಇಲಿಗಳಿಗೂ ಅರಿವಳಿಕೆ ಕೊಟ್ಟು ಮಿದುಳಿನಲ್ಲಿ ಒಂದೇ ಥರದ ಗಾಯ ಮಾಡಿದರು. ಎಲ್ಲವಕ್ಕೂ ಬಲ ಮುಂಗಾಲಿನ ಸ್ವಾಧೀನ ತಪ್ಪಿತು. ಇಪ್ಪತ್ತಕ್ಕೆ ಜೆಲ್, ಹೋಲಿಕೆಗೆಂದು ಇಪ್ಪತ್ತಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದೆಂಬುದು ಮೊಹರು ಹಾಕಿದ ಲಕೋಟೆಯಲ್ಲಿತ್ತು. ಮೇಡಂಗೂ ಗೊತ್ತಿಲ್ಲ, ಇಲಿಯಕ್ಕನಿಗೂ ಗೊತ್ತಿಲ್ಲ. ಪಂಜರ ಚೊಕ್ಕ ಮಾಡುವುದು ಬಿಟ್ಟರೆ ಇಲಿಯನ್ನು ಯಾರೂ ಮುಟ್ಟಕೂಡದು ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

ಮುಟ್ಟದೇ ಇರಲು ಅವಳೇನು ಕಲ್ಲೇ? ಕೆಲವು ಇಲಿಗಳು ಎರಡನೇ ವಾರಕ್ಕೇ ಕಾಲೂರತೊಡಗಿದವು. ಕೆಲವು ಕಾಳು ಹಿಡಿಯಹೋಗಿ ಮುಗ್ಗರಿಸಿ ಬೀಳುತ್ತಿದ್ದವು, ಥೇಟ್ ತುತ್ತು ಚೆಲ್ಲಿಕೊಳ್ಳುವ ಗಂಡನ ಹಾಗೆ. ಬೆಳಿಗ್ಗೆ ಯಾರೂ ಬರುವ ಮೊದಲು ಆ ಸೋತವುಗಳನ್ನಷ್ಟೇ ಅಂಗೈಯಲ್ಲಿ ಇಟ್ಟುಕೊಂಡು, ಮುಂಗಾಲು ನೀವಿ, ಬೆರಳು ಬಿಡಿಸಿ, ಕಾಳು ಹಿಡಿಯುವುದನ್ನು ಕಲಿಸಿದಳು. "ಏಳೋ ಸೋಂಬೇರಿ, ನಿನ್ನ ನಂಬ್ಕೊಂಡು ಒಬ್ರು ಕಾಯ್ತಾ ಇದಾರೆ," ಎಂದು ಬೈದಳು. ಎಂಟು ವಾರದಲ್ಲಿ ಅವೂ ಕಾಳು ಎತ್ತಿದವು. ಜೆಲ್‌ಗೆ ತಾನೂ ಒಂದು ಕೈ ಸೇರಿಸಿದೆನೆಂದು ಒಳಗೊಳಗೇ ಬೀಗಿದಳು.

ಲಕೋಟೆ ಒಡೆದ ದಿನ ಮೇಡಂ ಎರಡೂ ಗುಂಪಿನ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ, "ವ್ಯತ್ಯಾಸವೇ ಇಲ್ಲ," ಎಂದರು. "ಉಪ್ಪುನೀರಿನವೂ ಅಷ್ಟೇ ಸುಧಾರಿಸಿವೆ. ಜೆಲ್ ಏನೂ ಮಾಡಿಲ್ಲ. ಎಲ್ಲ ಎತ್ತಿಡಿ, ಇಲ್ಲಿಗೆ ಮುಗೀತು."

ಯಾವ ಇಲಿಗೆ ಯಾವುದೆಂದು ಹೊರಗೆ ತೂಗುಹಾಕಿದ್ದ ಪಟ್ಟಿಯನ್ನು ಇಲಿಯಕ್ಕ ನೋಡಿದಳು. ತಾವಾಗಿ ಎದ್ದವೆಲ್ಲ ಜೆಲ್‌ನವು. ಅವಳು ಎಬ್ಬಿಸಿದವು ಒಂದೂ ಬಿಡದೆ ಉಪ್ಪುನೀರಿನವು. ವ್ಯತ್ಯಾಸವನ್ನು ಅಳಿಸಿಹಾಕಿದ್ದು ಅವಳ ಕೈಯೇ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಜೆಲ್ ಮಾತ್ರ ಯಾರಿಗೂ ಇಲ್ಲದೆ ಮಣ್ಣುಪಾಲಾಗುತ್ತಿತ್ತು. ಒಳಗೆ ಹೋಗಿ ಎಲ್ಲ ಹೇಳಿದಳು.

ಮೇಡಂ ತಲೆಯ ಮೇಲೆ ಕೈಹೊತ್ತು ಕೂತರು. "ಅಯ್ಯೋ, ಎಂಥ ಕೆಲಸ ಮಾಡಿದಿರಿ! ಮೊದಲಿಂದ ಮಾಡ್ಬೇಕು, ಬೇರೆ ಇಲಿ ತಂದು. ಒಂದೂವರೆ ವರ್ಷ ಹಿಡಿಯುತ್ತೆ." ಆಮೇಲೆ ನೆನಪಾಗಿ ದನಿ ತಗ್ಗಿಸಿದರು. "ಅಷ್ಟೊತ್ತಿಗೆ ನಿಮ್ಮ ಯಜಮಾನರಿಗೆ..."

"ಮೂರು ವರ್ಷ ದಾಟಿರುತ್ತೆ ಮೇಡಂ. ಎಣಿಸಿಕೊಂಡೇ ಒಳಗೆ ಬಂದೆ."

ನಾಳೆಯಿಂದ ಬರಬೇಡಿ ಎನ್ನುವುದನ್ನು ಮೇಡಂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಇಲಿಯಕ್ಕ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದಳು.

ಸಂಜೆ ಗಂಡನ ಎದುರು ಕೂತು ಒಂದನ್ನೂ ಮುಚ್ಚಿಡದೆ ಹೇಳಿದಳು. "ಜೆಲ್ ನಿಜವಾಗ್ಲೂ ಕೆಲಸ ಮಾಡುತ್ತೆ ಕಣ್ರೀ. ನಿಮಗೆ ಸಿಗದ ಹಾಗೆ ಮಾಡಿದ್ದು ನಾನೇ." ಹೇಳುತ್ತಲೇ, ರೂಢಿಬಲದಿಂದ, ಅವನ ಬಲಗೈ ಎತ್ತಿಕೊಂಡು ನೀವತೊಡಗಿದಳು. ಅವನು ಅವಳ ಮುಖವನ್ನೇ ನೋಡಿದ. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಎಡಗೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡ.