ಸೊಟ್ಟ ಬೆರಳು, ಕೆಂಪು ಸಾಲು

ಸಾರ್ ಅವರ ಬಲಗೈ ತೋರುಬೆರಳು ತುದಿಯ ಗಿಣ್ಣಿನಲ್ಲಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಕ್ರಿಕೆಟ್ ಚೆಂಡು ಬಡಿದದ್ದಂತೆ. ಪರದೆಯ ಮೇಲೆ ಅವರು ಒಂದು ಸಾಲು ತೋರಿಸಿದರೆ ನಮ್ಮ ಕಣ್ಣು ಅದರ ಕೆಳಗಿನ ಸಾಲಿಗೆ ಹೋಗುತ್ತಿತ್ತು. "ಬೆರಳು ನೋಡ್ಬೇಡಿ, ಸಾಲು ಓದಿ" ಎನ್ನುತ್ತಿದ್ದರು.

ಜಯನಗರದ ಬೇಕರಿಯೊಂದರ ಮೇಲಿದ್ದ ನಮ್ಮ ಪುಟ್ಟ ಆಫೀಸಿಗೆ ಅವರೇ ಹಿರಿಯರು. ನಾನು ಸೇರಿ ನಾಲ್ಕು ತಿಂಗಳಾಗಿತ್ತು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬನಶಂಕರಿಯ ಡಯಾಲಿಸಿಸ್ ಕೇಂದ್ರವೊಂದಕ್ಕೆ, ರೋಗಿಗಳು ಮನೆಯಿಂದಲೇ ಸಮಯ ಕಾದಿರಿಸುವ ವೆಬ್ ಪುಟ ಮಾಡಿದ್ದೆ. ಪುಟ ಒಂದು ವಿಳಾಸದಲ್ಲಿ, ಮಾಹಿತಿ ಕೊಡುವ ಸರ್ವರ್ ಇನ್ನೊಂದರಲ್ಲಿ. ಹೀಗಿದ್ದಾಗ ಸರ್ವರ್ ಒಪ್ಪಿಗೆ ಹೇಳದಿದ್ದರೆ ಬ್ರೌಸರ್ ಆ ಉತ್ತರವನ್ನು ಪುಟಕ್ಕೆ ದಾಟಿಸುವುದಿಲ್ಲ, ಕೆಂಪಕ್ಷರದಲ್ಲಿ ಗದರುತ್ತದೆ. ಆ ಕಾಟ ತಾಳಲಾರದೆ ನಾನು ನನ್ನ ಬ್ರೌಸರಿನಲ್ಲಿ ಈ ತಪಾಸಣೆಯನ್ನೇ ಬಂದ್ ಮಾಡಿದ್ದೆ. ಆಮೇಲೆ ಮರೆತೂಬಿಟ್ಟೆ.

ಸೋಮವಾರ ಬೆಳಗ್ಗೆ ಪುಟ ಶುರುವಾಯಿತು. ಯಾರಿಗೂ ಸಮಯ ಸಿಗಲಿಲ್ಲ. ಇಟ್ಟಮಡುವಿನಿಂದೆಲ್ಲ ಆಟೊ ಮಾಡಿಕೊಂಡು ಬಂದು ಜನ ಕೌಂಟರ್ ಮುಂದೆ ನಿಂತಿದ್ದಾರೆಂದು ಕೇಂದ್ರದವರು ಫೋನು ಮಾಡಿದರು.

"ನನ್ ಲ್ಯಾಪ್‌ಟಾಪಲ್ಲಿ ಸರಿಯಾಗೇ ಬರ್ತಿದೆ ಸಾರ್" ಎಂದೆ.

"ಪೇಷೆಂಟ್‌ಗಳೆಲ್ಲ ನಿಮ್ ಲ್ಯಾಪ್‌ಟಾಪ್ ಹತ್ರ ಬಂದು ಕ್ಯೂ ನಿಲ್ಬೇಕಾ?" ಎನ್ನುತ್ತ ತಮ್ಮ ಕಂಪ್ಯೂಟರಿನಲ್ಲಿ ಪುಟ ತೆರೆದರು. ಕೆಂಪು ಸಾಲು ಬಂತು. "ಜೋರಾಗಿ ಓದಿ."

ಎರಡನೇ ಸಲ ಓದುವಾಗ ನಾನು ಮಾಡಿದ್ದು ನೆನಪಾಯಿತು. ಒಪ್ಪಿಕೊಂಡೆ.

"ಎಲ್ಲಾ ವಿಳಾಸಕ್ಕೂ ಪರ್ಮಿಷನ್ ಕೊಟ್ಬಿಡ್ಲಾ ಸಾರ್? ಒಂದೇ ನಿಮಿಷ."

"ಒಳಗಿರೋದು ಜನರ ಕಾಯಿಲೆ ವಿಷ್ಯ ಕಣಮ್ಮ. ನಮ್ ಪುಟದ ವಿಳಾಸ ಒಂದನ್ನೇ ಸರ್ವರ್ ಪಟ್ಟಿಗೆ ಸೇರ್ಸಿ. ಗಾಬರಿ ಬೇಡ, ನಿಧಾನಕ್ಕೆ."

ಸೇರಿಸಿದೆ. ಸ್ವಲ್ಪ ಹೊತ್ತಿಗೆ ಮೊದಲ ರೋಗಿಗೆ ಸಮಯ ಸಿಕ್ಕಿತು. ಸಾರ್ ಕೇಂದ್ರಕ್ಕೆ ಫೋನು ಮಾಡಿ, "ತಪ್ಪು ನಂದೇ. ಬೇರೆ ಮಷೀನಲ್ಲಿ ನಾನು ನೋಡ್ಬೇಕಿತ್ತು, ನೋಡ್ಲಿಲ್ಲ" ಎಂದರು. ನನ್ನ ಹೆಸರೇ ಬರಲಿಲ್ಲ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು. ಅವರಿಗೊಂದು ಥ್ಯಾಂಕ್ಸ್ ಹೇಳಲೂ ನನಗೆ ನಾಚಿಕೆ; ಮೂರು ದಿನ ತಲೆ ತಗ್ಗಿಸಿಕೊಂಡೇ ಓಡಾಡಿದೆ.

ಕಳೆದ ವರ್ಷ ಸಾರ್ ತೀರಿಕೊಂಡರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಮೊನ್ನೆ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬಳು ಕೆಂಪು ಸಾಲಿನ ಮುಂದೆ ಕಣ್ಣು ತುಂಬಿಕೊಂಡು ಕೂತಿದ್ದಳು. ಪಕ್ಕ ಕೂತು ತೋರಿಸಿದೆ. "ಬೆರಳು ನೋಡ್ಬೇಡಿ, ಸಾಲು ಓದಿ" ಎಂದುಬಿಟ್ಟೆ.

ಅವಳು ಅರ್ಥವಾಗದೆ ನನ್ನ ಬೆರಳನ್ನೇ ನೋಡಿದಳು. ಅದು ನೆಟ್ಟಗೇ ಇತ್ತು.