ಅಪ್ಪನ ಮೋಟಾರುಗಳು ಮತ್ತು ಉತ್ತರಿಸದ ಲಿಂಕುಗಳು

ಹೇಳುವ ಕ್ರಮದಲ್ಲಿ ಲೋಪವಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ, ತಿದ್ದಿಕೊಡುವವರು ಮನೆಯಲ್ಲಿಲ್ಲ.

ಕೊಟ್ಟೂರಿನಲ್ಲಿ ಅಪ್ಪನದೊಂದು ಮೋಟಾರು ವೈಂಡಿಂಗ್ ಅಂಗಡಿಯಿತ್ತು; ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಸುಟ್ಟ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿದಾಗಲೆಲ್ಲ ಹಳೆಯ ತಾಮ್ರದ ಸುರುಳಿಯೊಂದನ್ನು ಅವರು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ ಎಂಬುದಕ್ಕೆ ಅದೇ ದಾಖಲೆ. ಪದವಿ ಮುಗಿಸಿದ ವರ್ಷ ನಾನು ಆ ಸುತ್ತುಗಳನ್ನು ಎಣಿಸಿ, ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟು ಫೋಟೋ ತೆಗೆದು, ಉಚಿತ ಜಾಲತಾಣವೊಂದಕ್ಕೆ ಏರಿಸಿದೆ. ಕಂಪ್ಯೂಟರಿನಲ್ಲಿ ಊರಿಗೊಂದು ಕಡತ, ಅದರಲ್ಲಿ ಗಿರಾಕಿಯ ಹೆಸರು, ಮುಂದೆ ಫೋಟೋದ ಲಿಂಕು, ಇಷ್ಟನ್ನೇ ಉಳಿಸಿಕೊಂಡೆ. ಚೀಟಿಗಳನ್ನು ಎಸೆದು, ಸುರುಳಿಗಳನ್ನು ಗುಜರಿಗೆ ಹಾಕಿಸಿದವಳೂ ನಾನೇ. ಓದಿದವಳ ಮಾತೆಂದು ಅಪ್ಪ ತಡೆಯಲಿಲ್ಲ.

ಆಮೇಲೆ ಲಿಂಕುಗಳು ಇನ್ನೂ ತೆರೆಯುತ್ತವೆಯೇ ಎಂದು ಪರೀಕ್ಷಿಸುವ ಸಣ್ಣ ತಂತ್ರಾಂಶವೊಂದನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆದೇಶ ಬರೆದರೆ ಅದು ಕಡತಗಳನ್ನೆಲ್ಲ ಓದಿ, ಉತ್ತರಿಸದ ಲಿಂಕುಗಳನ್ನು ಸಾಲಿನ ಸಂಖ್ಯೆಯೊಡನೆ ಕೆಂಪಕ್ಷರದಲ್ಲಿ ತೋರಿಸುತ್ತದೆ. ಮೊದಲ ದಿನ ಎರಡು ಬಂದವು. ಮರುವಾರ ಒಂಬತ್ತು. ನೆಟ್‌ವರ್ಕಿನ ದೋಷವಿರಬೇಕೆಂದುಕೊಂಡೆ. ಮೂರನೆಯ ವಾರ ಹಡಗಲಿಯ ಕಡತ ಪೂರ್ತಿ ಕೆಂಪಾಯಿತು. ಮೊಬೈಲಿನಲ್ಲಿದ್ದ ಮೂಲ ಫೋಟೋಗಳನ್ನು ಜಾಗ ಸಾಲದೆಂದು ಎಂದೋ ಅಳಿಸಿದ್ದೆ. ಉಳಿದವನ್ನಾದರೂ ಇಳಿಸಿಕೊಳ್ಳೋಣವೆಂದು ಕುಳಿತ ದಿನ ಒಂದೂ ತೆರೆಯಲಿಲ್ಲ. ಆ ಉಚಿತ ಜಾಲತಾಣ ಹಳೆಯ ಫೋಟೋಗಳನ್ನು ಅಳಿಸುತ್ತ ಬಂದಿತ್ತು. ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ.

ಅದೇ ವಾರ ಗುಡೇಕೋಟೆಯ ಹಳೆಯ ಗಿರಾಕಿಯೊಬ್ಬರು ಮೋಟಾರು ತಂದರು. ಬೇರೆ ಅಂಗಡಿಯವರು ಒಳಗಿನ ತಂತಿಯನ್ನೆಲ್ಲ ಕಿತ್ತು ಕೈಚೆಲ್ಲಿದ್ದರು. ಎಣಿಸಲು ಒಂದೆಳೆಯೂ ಉಳಿದಿರಲಿಲ್ಲ. ಹಿಂದೊಮ್ಮೆ ಅದಕ್ಕೆ ತಂತಿ ಸುತ್ತಿದವರು ಅಪ್ಪನೇ.

"ಏನ್ ಮೇಸ್ತ್ರಿ, ಗ್ವಾಡಿ ಬೋಳು ಮಾಡೀಯಲ್ಲ. ತಲಿಯಾಗರ ಏನರ ಐತೋ ಇಲ್ಲೋ?" ಎಂದು ಗಿರಾಕಿ ನಕ್ಕರು.

"ತಲಿಯಾಗ ಯಾಕಿರಬೇಕು? ನಮ್ ಹುಡುಗಿ ಕಂಪ್ಯೂಟರ್‌ನ್ಯಾಗ ಇಟ್ಟಾಳ," ಎಂದ ಅಪ್ಪ ನನ್ನ ಕಡೆ ತಿರುಗಿದರು. "ಯವ್ವಾ, ಗುಡೇಕೋಟಿದು ತಗಿ."

ಏನಾದರೂ ಉಳಿದಿರಬಹುದೆಂಬ ಆಸೆಯಿಂದ ಆದೇಶ ಬರೆದೆ. ಕೆಂಪು ಸಾಲುಗಳೇ ಇಳಿದವು. ಅಂಕಿಗಳನ್ನಷ್ಟೇ ಬಲ್ಲ ಅಪ್ಪ ಬಗ್ಗಿ, ಕೊನೆಯ ಕೆಂಪು ಸಾಲಿನ ಸಂಖ್ಯೆಯನ್ನೇ ಸುತ್ತುಗಳ ಸಂಖ್ಯೆಯೆಂದು ಓದಿಕೊಂಡರು.

"ನಲ್ವತ್ತೇಳು ಅಲ್ಲೇನವಾ? ನಾ ಅರವತ್ತರ ಮ್ಯಾಲ ಅನ್ಕಂಡಿದ್ದೆ."

ಗಿರಾಕಿ ನನ್ನನ್ನೇ ನೋಡುತ್ತಿದ್ದರು. ನಾನು "ಹೂಂ" ಎಂದೆ.

ಅಪ್ಪ ನಲವತ್ತೇಳು ಸುತ್ತು ಹಾಕಿದರು. ಸುತ್ತು ಕಡಿಮೆಯಾದರೆ ಮೋಟಾರು ಬಿಸಿಯಾಗಿ ಸುಟ್ಟುಹೋಗುತ್ತದೆ ಎಂಬುದು ಆ ಅಂಗಡಿಯಲ್ಲಿ ಬೆಳೆದ ನನಗೆ ತಿಳಿದಿತ್ತು. ಎರಡು ದಿನ ಅದು ತಿರುಗಿತು. ಆ ಎರಡು ದಿನ ಅಂಗಡಿಯ ಫೋನು ಸದ್ದಾದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಮೂರನೆಯ ದಿನ ಗಿರಾಕಿ ಸುಟ್ಟ ಮೋಟಾರನ್ನು ನಮ್ಮ ಬಾಗಿಲಲ್ಲಿ ಇಳಿಸಿ ಹೋದರು.

ಅಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೊನೆಯವರೆಗೆ ಕೇಳಿ, "ಅವತ್ತ ಇಲ್ಲ ಅಂದಿದ್ರ ಮುಗೀತಿತ್ತಲ್ಲವಾ," ಎಂದರು.

ಸುದ್ದಿ ಹಬ್ಬಿ ಗುಡೇಕೋಟೆ, ಉಜ್ಜಿನಿ ಕಡೆಯವರು ಬರುವುದನ್ನು ನಿಲ್ಲಿಸಿದರು. ಅಂಗಡಿ ಮುಚ್ಚಿತು. ಅಪ್ಪ ಈಗ ಹರಪನಹಳ್ಳಿಯಲ್ಲಿ ಇನ್ನೊಬ್ಬರ ಕೈಕೆಳಗೆ ವೈಂಡಿಂಗ್ ಮಾಡುತ್ತಾರೆ. ಅಮ್ಮ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದ್ದಾಳೆ.