ಪುಟದ ಕೊನೆಯ ಎಂಟು ಸಾಲು

ಓ ಕಮಾನಿನ ಕೆಳಗೆ ನಿಂತವರೇ, ಮೇಲೆ ಬಟ್ಟೆ ಒಣಹಾಕುತ್ತಿರುವವರೇ, ಒಂದು ಗಳಿಗೆ ಇತ್ತ ಕಿವಿಗೊಡಿ. ನಮ್ಮ ಬೊಲೋನ್ಯದ ಬಿತೀನೊನ ಕಥೆ ಇದು.

ಬಿತೀನೊ ನೋಟರಿ. ಊರವರ ಉಯಿಲುಗಳನ್ನು ನಗರದ ದೊಡ್ಡ ಪುಸ್ತಕಕ್ಕೆ ಲ್ಯಾಟಿನ್ನಿನಲ್ಲಿ ಇಳಿಸುವುದು ಅವನ ಕೆಲಸ. ಪುಟದ ಕೊನೆಯಲ್ಲಿ ಜಾಗ ಖಾಲಿ ಬಿಡುವಂತಿಲ್ಲ. ಬಿಟ್ಟರೆ ಯಾರಾದರೂ ಕಳ್ಳ ಸಾಲು ತೂರಿಸಿಯಾರು. ಉಳಿದವರೆಲ್ಲ ಅಲ್ಲೊಂದು ಪ್ರಾರ್ಥನೆ ಗೀಚಿ ಮುಗಿಸುತ್ತಿದ್ದರು.

ಹೆಂಡತಿ ದೋಲ್ಚೆ ಸತ್ತು ತಿಂಗಳಾದ ದಿನ ಬಿತೀನೊ ಅಲ್ಲಿ ಎಂಟು ಸಾಲಿನ ಪದ್ಯ ಬರೆದ. ಮೊದಲು ಲ್ಯಾಟಿನ್ನಿನಲ್ಲಿ ಕಟ್ಟಿ ನೋಡಿದ್ದ. ಅದರಲ್ಲಿ ಸತ್ತವಳು ದೋಲ್ಚೆ ಅನ್ನಿಸಲಿಲ್ಲ, ಯಾರೋ ರಾಣಿ ಅನ್ನಿಸಿತು. ಹಾಗಾಗಿ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತ ದೋಲ್ಚೆ ಅವನನ್ನು ಬೈಯುತ್ತಿದ್ದ ಆಡುಮಾತಿನಲ್ಲೇ ಬರೆದ.

ಮರುದಿನ ಮೇಲಧಿಕಾರಿ ದೋಂದಿದೇವೊ ಪುಟ ತೆರೆದ. "ಏನಪ್ಪಾ, ಇದು ನಗರದ ಪುಸ್ತಕಾನೋ ಅಗಸರ ಕಟ್ಟೇನೋ? ಲ್ಯಾಟಿನ್ನೂ ಹೆಂಡ್ತಿ ಜೊತೆ ಹೂತು ಬಂದ್ಯಾ?"

"ಇಲ್ಲ ಯಜಮಾನ್ರೇ. ಅವಳಿಗೆ ಅದು ಬರ್ತಿರಲಿಲ್ಲ."

"ಸತ್ತೋಳು ಎದ್ದು ಓದ್ತಾಳಾ?"

"ಬದುಕಿದ್ದಾಗ್ಲೂ ಓದ್ತಿರಲಿಲ್ಲ. ಕೇಳ್ತಿದ್ಲು."

ಪದ್ಯವನ್ನು ಕೆರೆದು ತೆಗೆಯುವಂತಿರಲಿಲ್ಲ. ಆ ಪುಸ್ತಕದಲ್ಲಿ ಒಂದಕ್ಷರ ಕೆರೆದರೂ ಖೋಟಾ. ಸಂಜೆಯ ಗಂಟೆ ಬಾರಿಸುವುದರೊಳಗೆ ಪದ್ಯದ ಕೆಳಗೆ 'ಕೈತಪ್ಪಿ ಬರೆದದ್ದು' ಎಂದು ಲ್ಯಾಟಿನ್ನಿನಲ್ಲಿ ಬರೆದು ರುಜು ಹಾಕು, ಇಲ್ಲವೇ ಕುರ್ಚಿ ಬಿಡು ಎಂದ ದೋಂದಿದೇವೊ. ಆರು ವರ್ಷ ಓದಿ ದಕ್ಕಿದ ಕುರ್ಚಿ ಅದು. ಮನೆಯಲ್ಲಿ ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳು. ಬಿತೀನೊ ಆಗಲಿ ಎಂದು ತಲೆಯಾಡಿಸಿದ.

ಮಧ್ಯಾಹ್ನ ಮುದುಕಿ ಮಿಸೀನಾ ಅದೇ ಪುಟದಲ್ಲಿದ್ದ ತನ್ನ ಉಯಿಲು ಕೇಳಿಸಿಕೊಳ್ಳಲು ಬಂದಳು. ಬರೆಸಿದವರಿಗೆ ಅದನ್ನು ಆಡುಮಾತಿನಲ್ಲಿ ಓದಿ ಹೇಳುವುದು ನಿಯಮ. ಓದುತ್ತ ಓದುತ್ತ ಅದೇ ಓಟದಲ್ಲಿ ಬಿತೀನೊ ಆ ಎಂಟು ಸಾಲನ್ನೂ ಓದಿಬಿಟ್ಟ.

"ಅದೂ ನನ್ನ ಉಯಿಲಲ್ಲಿದೆಯಾ ಮಗನೇ?"

"ಇಲ್ಲಜ್ಜಿ. ಅದು... ಕೈತಪ್ಪಿ ಬಂದದ್ದು."

"ಸುಳ್ಳು ಯಾಕೋ? ಪಕ್ಕದ ಕಲ್ಲಲ್ಲೇ ಒಗೀತಿದ್ದೆ ನಾನು, ದೋಲ್ಚೆ ಬಾಯಿ ನಂಗೊತ್ತಿಲ್ವಾ? ಸರಿಯಾಗೇ ಬರ್ದಿದೀಯ. ಆದ್ರೆ ಒಂದು ಬಿಟ್ಟಿದೀಯ. ನಿನ್ನ 'ಕತ್ತೆ' ಅಂತಿದ್ಲಲ್ಲ, ಅದೆಲ್ಲಿ?"

ಮುದುಕಿ ಕೋಲೂರಿಕೊಂಡು ಹೋದಳು. ಸಂಜೆಯ ಗಂಟೆ ಬಾರಿಸುವವರೆಗೂ ಬಿತೀನೊ ಲೇಖನಿ ಮುಟ್ಟಲಿಲ್ಲ. ಎಂಟನೇ ಸಾಲಿನ ಕೆಳಗೆ, ಪುಟದ ಅಂಚಿನಲ್ಲಿ, ಬೆರಳಗಲ ಜಾಗವಿತ್ತು. ಅಲ್ಲಿ, ದೋಲ್ಚೆಯ ಮಾತಿನಲ್ಲೇ, 'ಕತ್ತೆ ಬಿತೀನೊ ಬೇಕೆಂದೇ ಬರೆದದ್ದು' ಎಂದು ಬರೆದ. ತನ್ನ ಕೊಂಬಿನ ಶಾಯಿಕುಡಿಕೆಯನ್ನು ದೋಂದಿದೇವೊನ ಮೇಜಿನ ಮೇಲಿಟ್ಟು, ಕುರ್ಚಿಯನ್ನು ಒಳಗೆ ಸರಿಸಿ ಹೊರಟ.